ಸ್ಕೋರ್ ಎಷ್ಟಾಯ್ತು?

ಕ್ರಿಕೆಟ್ ಆಡಲು ಒಂದೊಂದು ಕಡೆಗೆ ಹನ್ನೊಂದು ಜನ ಬೇಕು. ಆಡಿದವರನ್ನು ಬೈಯಲು ಅಷ್ಟು ಜನ ಬೇಡ. ಆದರೂ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಯಾವ ಸಂಜೆ ನೋಡಿದರೂ ಎರಡು ತಂಡಕ್ಕಾಗಿ ಮಿಗುವಷ್ಟು ವಿಮರ್ಶಕರು ಸಿಗುತ್ತಾರೆ. ಅಶೋಕ ರಸ್ತೆಯಿಂದ ಯಾವ ಅಡ್ಡರಸ್ತೆಗೆ ತಿರುಗಿದರೂ ಸರಿ. ಟೈಲರ್ ಪೆಡಲ್ ನಿಲ್ಲಿಸದೆ, ತುಟಿಯಲ್ಲಿ ಕಚ್ಚಿದ ಗುಂಡುಸೂಜಿಯನ್ನೂ ತೆಗೆಯದೆ, ಕೊನೆಯ ಓವರ್ ಯಾರಿಗೆ ಕೊಡಬೇಕಿತ್ತು ಅಂತ ಹೇಳುತ್ತಾನೆ. ಪಾತ್ರೆ ಅಂಗಡಿಯ ಸೇಠ್‌ಜಿ ಕುಕ್ಕರಿನ ಗ್ಯಾಸ್ಕೆಟ್ ಹುಡುಕುತ್ತಲೇ ಆಯ್ಕೆ ಸಮಿತಿಯನ್ನು ವಜಾ ಮಾಡುತ್ತಾರೆ. ಸೇಂಟ್ ಫಿಲೋಮಿನಾ ಚರ್ಚಿನ ಕಡೆಯಿಂದ ಬರುವ ಆಟೋದವರು ಬ್ರೇಕ್ ಹಾಕಿ ಮೊದಲು ತೀರ್ಪು ಕೊಟ್ಟು, ಆಮೇಲೆ ಬಾಡಿಗೆ ಕೇಳುತ್ತಾರೆ.

ಇಂಥ ಜಾಗಕ್ಕೆ ಬಂದು, ಎಫ್‌ಎಂ ರೇಡಿಯೋದಲ್ಲಿ ಕೆಲಸ ಮಾಡುವ ನನ್ನ ಸ್ನೇಹಿತರೊಬ್ಬರು, ‘ಆಟದ ಬಗ್ಗೆ ಮಾತಾಡೋಕೆ ಹೊಸ ದನಿ ಬೇಕು ಸಾರ್, ಯಾರೂ ಸಿಗ್ತಿಲ್ಲ’ ಎಂದು ಪೇಚಾಡಿದಾಗ, ಕಾವೇರಿಗೆ ಮೊಣಕಾಲುದ್ದ ಇಳಿದು ನಿಂತವರು ಬಾಯಾರಿಕೆ ಎಂದಂತೆ ಕೇಳಿಸಿತು. ‘ಬನ್ನಿ, ಆರಿಸಿಕೊಂಡು ಹೋಗಿ’ ಎಂದೆ.

ಆರಿಸಲು ಹೊರಟ ಮೇಲೆ ಗೊತ್ತಾಯಿತು, ಮೈಕು ಎಂಬುದು ದೊಡ್ಡ ದೊಡ್ಡ ಬಾಯಿಗಳನ್ನೇ ಮುಚ್ಚಿಸುವ ಸಾಮಾನು. ಸ್ನೇಹಿತರು ಫೋನಿನ ರೆಕಾರ್ಡರ್ ಒತ್ತಿ ಮುಂದೆ ಹಿಡಿದರು. ಟೈಲರ್ ಗುಂಡುಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದಿಟ್ಟು, ಅಂಗಿಯ ಕಾಲರ್ ಸರಿಮಾಡಿಕೊಂಡು, ಸುಮ್ಮನಾಗಿಬಿಟ್ಟ. ಸೇಠ್‌ಜಿ ಮದುವೆ ಆರತಕ್ಷತೆಯ ನಿರೂಪಕರ ಧಾಟಿಯಲ್ಲಿ ‘ಸಮಸ್ತ ಕ್ರೀಡಾಭಿಮಾನಿಗಳಿಗೆ ಶುಭ ಸಂಜೆ’ ಎಂದರು. ಶುಭ ಸಂಜೆಯ ನಂತರ ರಾತ್ರಿಯಾಯಿತೇ ಹೊರತು ಕ್ರಿಕೆಟ್ ಬರಲಿಲ್ಲ. ಕಾಲೇಜು ಹುಡುಗನೊಬ್ಬ ಮಾತ್ರ ಧಾರಾಳವಾಗಿ ಮಾತಾಡಿದ. ಆದರೆ ಅದು ಅವನ ದನಿಯಾಗಿರಲಿಲ್ಲ. ಟಿವಿಯಲ್ಲಿ ಕೇಳಿದ್ದನ್ನೆಲ್ಲ ಗುಡ್ಡೆಹಾಕಿಕೊಂಡಿದ್ದ: ‘ಅದ್ಭುತ, ಅತ್ಯದ್ಭುತ, ಪರಮಾದ್ಭುತ!’ ಬ್ಯಾಟ್ಸ್‌ಮನ್ ಹೊಡೆದದ್ದು ಸಿಂಗಲ್ಲು.

ಅವನನ್ನು ದೂರುವಂತಿಲ್ಲ. 2018ರ ಐಪಿಎಲ್ ಹೊತ್ತಿಗೆ ಟಿವಿಯಲ್ಲಿ ಕನ್ನಡದಲ್ಲೂ ಕಾಮೆಂಟರಿ ಬಂತು. ಭಾರತಕ್ಕೆ ಆಡಿದ ವಿಜಯ್ ಭಾರದ್ವಾಜ್ ಅಂಥವರು ನಮ್ಮ ಮಾತಿನಲ್ಲೇ ಆಟ ಬಿಡಿಸಿ ಹೇಳುವುದನ್ನು ಕೇಳುವುದು ನನಗಂತೂ ಖುಷಿ. ಆದರೆ ಟಿವಿಯಲ್ಲಿ ಚೆಂಡು ಎಲ್ಲಿ ಹೋಯಿತೆಂದು ಯಾರೂ ಹೇಳಬೇಕಾಗಿಲ್ಲ, ಚೆಂಡೇ ಹೇಳುತ್ತದೆ. ಅಲ್ಲಿ ‘ಅದ್ಭುತ’ ಎಂದರೆ ನಡೆದೀತು. ರೇಡಿಯೋದಲ್ಲಿ ‘ಅದ್ಭುತ’ ಎಂದರೆ ಕೇಳುವವನು, ‘ಏನಯ್ಯಾ ಅದು?’ ಎಂದು ಕಿವಿ ನಿಮಿರಿಸಿ ಕೂತೇ ಇರುತ್ತಾನೆ.

ಮೈಸೂರಿಗೆ ದನಿ ಹುಡುಕುವ ಕೆಲಸ ಹೊಸದಲ್ಲ. 1935ರ ಸೆಪ್ಟೆಂಬರ್ 10ರಂದು, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ಪ್ರೇಷಕದ ಶಕ್ತಿ 30 ವ್ಯಾಟ್, ಹಳೇ ಟ್ಯೂಬ್‌ಲೈಟು ಉಣ್ಣುವ ಕರೆಂಟಿಗಿಂತ ಕಡಿಮೆ. ಮೈಕನ್ನೇ ಕಾಣದ ಊರಿನಲ್ಲಿ ಮೈಕಿನ ಮುಂದೆ ಕೂರುವವರನ್ನು ಹೊಂದಿಸಬೇಕಿತ್ತಲ್ಲ; ಆ ಕೆಲಸ ಮನಃಶಾಸ್ತ್ರದವರ ಪಾಲಿಗೇ ಬಂದದ್ದು ಕೇಳುಗರ ಪುಣ್ಯ. 1955ರಲ್ಲಿ ಆ ಕೇಂದ್ರ ಬೆಂಗಳೂರಿಗೆ ಹೋಯಿತು. ಮೈಸೂರು ಮುನಿಸಿಕೊಂಡು ಕಾದು, 1974ರಲ್ಲಿ ಯಾದವಗಿರಿಯಲ್ಲಿ ಮತ್ತೆ ತನ್ನದನ್ನು ಪಡೆಯಿತು. ಹದಿನೈದರಿಂದ ಮೂವತ್ತು ವಯಸ್ಸಿನವರಿಗೆಂದೇ ಇದ್ದ ‘ಯುವವಾಣಿ’ಯಲ್ಲಿ ಮೊದಲ ಸಲ ನಡುಗಿದ ದನಿಗಳೇ ಆಮೇಲೆ ಎಲ್ಲೆಲ್ಲೋ ಸ್ಥಿರವಾಗಿ ಕೇಳಿಸಿವೆ.

ನಮ್ಮ ಊರಿನ ದೊಡ್ಡ ವೀಕ್ಷಕ ವಿವರಣೆಯೆಂದರೆ ಜಂಬೂಸವಾರಿಯದು. ಹೊಸಬರಿಗೆ ಅದು ಒಳ್ಳೆಯ ಗರಡಿ ಎನ್ನುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಏಳುನೂರೈವತ್ತು ಕಿಲೋ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪಕ್ಕೆ ಓಡುವುದಿಲ್ಲ. ಅದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಡೆಯರ ವಂಶಾವಳಿ ಒಂದು ಸುತ್ತು ಮುಗಿಸಬಹುದು. ವೇಗದ ಬೌಲರ್ ಕೈಯಿಂದ ಹೊರಟ ಚೆಂಡಿಗೆ ವಂಶಾವಳಿ ಕೇಳುವ ವ್ಯವಧಾನವಿಲ್ಲ. ಅರ್ಧ ಸೆಕೆಂಡಿನಲ್ಲಿ ಅದು ಬ್ಯಾಟಿನ ಹತ್ತಿರ ಇರುತ್ತದೆ.

ಜಗತ್ತು ಈ ಕೆಲಸಕ್ಕೆ ಜನರನ್ನು ಹೇಗೆ ಹುಡುಕಿತು ಎಂದು ನೋಡಿದರೆ ನಗು ಬರುತ್ತದೆ. ಜಾನ್ ಆರ್ಲಟ್ ಇಂಗ್ಲೆಂಡಿನಲ್ಲಿ ಪೊಲೀಸ್ ಆಗಿದ್ದವರು, ಪದ್ಯ ಬರೆಯುತ್ತಿದ್ದವರು. 1946ರಲ್ಲಿ ನಮ್ಮ ತಂಡ ಅಲ್ಲಿಗೆ ಹೋದಾಗ, ಭಾರತಕ್ಕೆ ಕೇಳಿಸಲು ಯಾರಾದರೂ ಬೇಕಲ್ಲ ಎಂದು ಬಿಬಿಸಿ ಅವರನ್ನು ಕಳಿಸಿತು. ಅವರ ಹ್ಯಾಂಪ್‌ಶೈರ್ ಹಳ್ಳಿ ಉಚ್ಚಾರ ಅಲ್ಲಿಯ ದೊಡ್ಡವರ ಕಿವಿಗೆ ಒಗ್ಗುವಂಥದ್ದಲ್ಲ. ಆದರೂ 1980ರವರೆಗೆ ಕ್ರಿಕೆಟ್ಟೆಂದರೆ ಆ ದನಿಯೇ ಆಯಿತು. ಅಂದರೆ ಅವರನ್ನು ಕಂಡುಹಿಡಿದು ಕೊಟ್ಟದ್ದು ನಮ್ಮ ತಂಡ; ಕಮಿಷನ್ ಮಾತ್ರ ಕೇಳಲಿಲ್ಲ. ನಮ್ಮಲ್ಲಿ ಬಾಬಿ ತಲ್ಯಾರ್ಖಾನ್ 1930ರ ದಶಕದಿಂದ ಬೊಂಬಾಯಿಯ ಪಂದ್ಯಗಳನ್ನು ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ಹೇಳುತ್ತಿದ್ದರು. ಇನ್ನೊಬ್ಬರ ಜೊತೆ ಮೈಕು ಹಂಚಿಕೊಳ್ಳಿ ಎಂದಾಗ ಕಾಮೆಂಟರಿಯನ್ನೇ ಬಿಟ್ಟರು. ಅವರ ಸ್ವಭಾವದವರು ಮೊಹಲ್ಲಾದಲ್ಲಿ ಬೇಕಾದಷ್ಟಿದ್ದಾರೆ, ಪ್ರತಿಭೆಯದೇ ಸ್ವಲ್ಪ ಅಭಾವ.

ನನಗೆ ಬಹಳ ಇಷ್ಟವಾದದ್ದು ಅಮೆರಿಕದ ಕತೆ. 1949ರಲ್ಲಿ ಕಾಲೇಜು ಮುಗಿಸಿದ್ದ ವಿನ್ ಸ್ಕಲ್ಲಿ ಎಂಬ ಹುಡುಗನನ್ನು ಬಾಸ್ಟನ್ನಿನ ಒಂದು ಫುಟ್‌ಬಾಲ್ ಪಂದ್ಯಕ್ಕೆ ಕಳಿಸಿದರು. ಬೆಚ್ಚಗಿನ ಕೊಠಡಿಯಲ್ಲಿ ಕೂರುತ್ತೇನೆಂದು ನಂಬಿ ಅವನು ಕೋಟನ್ನು ಹೋಟೆಲಿನಲ್ಲೇ ಬಿಟ್ಟಿದ್ದ. ಜಾಗ ಸಿಕ್ಕಿದ್ದು ಕ್ರೀಡಾಂಗಣದ ಮಾಡಿನ ಮೇಲೆ. ನವೆಂಬರ್ ಚಳಿಯಲ್ಲಿ ನಡುಗುತ್ತ ಪೂರ್ತಿ ಪಂದ್ಯ ಹೇಳಿದ. ಕೇಳುಗರಿಗೆ ಚಳಿಯ ಸುದ್ದಿ ಎತ್ತಲಿಲ್ಲ. ಹಿರಿಯ ಪ್ರಸಾರಕ ರೆಡ್ ಬಾರ್ಬರ್‌ಗೆ ಇದು ಆಮೇಲೆ ತಿಳಿಯಿತು. ಮುಂದಿನ ವರ್ಷವೇ ಅವನನ್ನು ಬೇಸ್‌ಬಾಲಿಗೆ ಕರೆದುಕೊಂಡರು. ಆತ 2016ರವರೆಗೆ, 67 ಋತು, ಒಂದೇ ತಂಡದ ಪಂದ್ಯ ಹೇಳಿದ. ಈ ಬಾರ್ಬರ್ ಮಹಾಶಯರು ಮೊಟ್ಟೆ ಬೇಯಿಸಲು ಇಡುವ ಮೂರು ನಿಮಿಷದ ಮರಳು ಗಡಿಯಾರವನ್ನು ಮೈಕಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿಯಿತೋ, ಸ್ಕೋರ್ ಹೇಳಿ ಗಡಿಯಾರ ತಿರುಗಿಸಬೇಕು. ಎಷ್ಟೇ ಸೊಗಸಾಗಿ ಮಾತಾಡಿದರೂ ಈಗ ತಾನೇ ರೇಡಿಯೋ ಹಚ್ಚಿದವನಿಗೆ ಬೇಕಾದದ್ದು ಅದೊಂದೇ.

ಅದಕ್ಕೂ ಹಿಂದೆ, 1927ರ ಜನವರಿಯಲ್ಲಿ ಬಿಬಿಸಿ ಮೊದಲ ರಗ್ಬಿ ವಿವರಣೆ ಕೊಟ್ಟಾಗ, ಹೇಳುವವನ ಹತ್ತಿರ ಒಬ್ಬ ಕಣ್ಣು ಕಾಣದವರನ್ನು ಕೂರಿಸಿದ್ದರಂತೆ: ‘ಲಕ್ಷಾಂತರ ಜನರ ಯೋಚನೆ ಬಿಡು, ಇವರಿಗೆ ಹೇಳು.’ ನಮ್ಮ ಆಯ್ಕೆಯಲ್ಲಿ ಬಿಟ್ಟುಹೋದ ಸಂಗತಿ ಇದೇ ಎಂದು ನನಗೆ ಅನ್ನಿಸತೊಡಗಿತು. ಟೈಲರು ಮಾತಾಡುವುದು ತನ್ನಷ್ಟೇ ಪಂದ್ಯ ನೋಡಿದವರ ಜೊತೆ. ಅಲ್ಲಿ ವಾದ ಸಾಕು, ವರ್ಣನೆ ಬೇಡ.

ಆಮೇಲೆ ನಾನೊಂದು ಪರೀಕ್ಷೆ ಕಟ್ಟಿದೆ. 1999ರ ಫೆಬ್ರುವರಿ 7, ದೆಹಲಿಯ ಕೋಟ್ಲಾ. ಕುಂಬ್ಳೆಗೆ ಪಾಕಿಸ್ತಾನದ ಒಂಬತ್ತು ವಿಕೆಟ್ ಬಿದ್ದಾಗಿದೆ, ಹತ್ತನೆಯದೂ ಅವರಿಗೇ ಸಿಗಬೇಕು. ಇನ್ನೊಂದು ಕಡೆಯಿಂದ ಬೌಲ್ ಮಾಡಬೇಕಾದವರು ನಮ್ಮ ಮೈಸೂರಿನ, ಮರಿಮಲ್ಲಪ್ಪ ಶಾಲೆಯ ಜಾವಗಲ್ ಶ್ರೀನಾಥ್. ಜೀವಮಾನವೆಲ್ಲ ವಿಕೆಟ್ ಬೀಳಲಿ ಎಂದು ಓಡಿ ಬಂದವರು, ಈಗ ಬೀಳದಿರಲಿ ಎಂದು ಸ್ಟಂಪಿನಿಂದ ದೂರ ದೂರ ಎಸೆಯಬೇಕು. ‘ಆ ಓವರನ್ನು ಹೇಳಿ’ ಎಂದೆ. ಸ್ಕೋರು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ವೈಡ್ ಎಂದರೆ ಬೌಲರ್ ಕೆಟ್ಟನೆಂದು ಕೇಳುಗ ತಿಳಿಯುತ್ತಾನೆ. ಬೇಕೆಂದೇ ಕೆಟ್ಟದಾಗಿ ಆಡುತ್ತಿರುವ ಒಳ್ಳೆಯತನವನ್ನು, ಅಂಪೈರ್ ಕೈ ಚಾಚಿ ಇಳಿಸುವಷ್ಟರಲ್ಲಿ ಕಾಣಿಸಬೇಕು. ಕಾಲೇಜು ಹುಡುಗ ಬಾಯಿ ತೆರೆದ, ‘ಅದ್ಭು...’ ಎಂದು ತಾನೇ ನಿಲ್ಲಿಸಿಕೊಂಡ. ಪರವಾಗಿಲ್ಲ, ಸುಧಾರಿಸಬಹುದಾದವನು ಎಂದು ಸ್ನೇಹಿತರು ಗುರುತು ಹಾಕಿಕೊಂಡರು.

ಖಾಸಗಿ ಎಫ್‌ಎಂನವರು ದೊಡ್ಡ ಪಂದ್ಯಗಳ ನೇರ ವಿವರಣೆ ಕೊಡುವಂತಿಲ್ಲ. ಆದರೆ 2011ರ ಎಫ್‌ಎಂ ನೀತಿಯಲ್ಲಿ ಸ್ಥಳೀಯ ಆಟಗಳ ನೇರ ವಿವರಣೆಗೆ ಅವಕಾಶವಿದೆ. ದಸರಾ ಕುಸ್ತಿ, ವಾರ್ಡ್ ಮಟ್ಟದ ಟೆನಿಸ್ ಬಾಲ್ ಕಪ್ಪು, ಎಲ್ಲ ಬರಬಹುದು. ಬರುತ್ತಿಲ್ಲ. ಅದರ ಸಿಟ್ಟು ನನಗಿದೆ. ಏಕೆಂದರೆ ವಾರ್ಡ್ ಕಪ್ಪಿನ ಮೈಕಿನವನಷ್ಟು ಕಷ್ಟದ ಅಭ್ಯಾಸ ಇನ್ಯಾರಿಗೂ ಇಲ್ಲ. ಎರಡು ಚೆಂಡುಗಳ ನಡುವೆ ಎರಡನೇ ಬಹುಮಾನದ ದಾನಿಗಳಿಗೆ ಧನ್ಯವಾದ ಹೇಳಿ, ಗೇಟಿಗೆ ಅಡ್ಡ ನಿಲ್ಲಿಸಿದ ಬೈಕಿನ ನಂಬರ್ ಓದಿ, ಕಾರ್ಪೊರೇಟರ್ ಬಂದರೆ ಸ್ವಾಗತಿಸಿ, ಅಷ್ಟರಲ್ಲಿ ಕ್ಯಾಚ್ ಬಿಟ್ಟವನ ಮರ್ಯಾದೆಯನ್ನೂ ಉಳಿಸಬೇಕು. ಅವನ ಅಮ್ಮ ಅಲ್ಲೇ ಕೂತಿರುತ್ತಾರೆ.

ಕೊನೆಗೆ ನಮಗೆ ಸಿಕ್ಕಿದವನು ಕರೆಯದೇ ಸಿಕ್ಕ. ಚಹಾ ಅಂಗಡಿಯಲ್ಲಿ ಟಿವಿ ಗಲ್ಲಾದ ಮೇಲಿದೆ, ಒಲೆ ಗೋಡೆಯ ಹಿಂದಿದೆ. ಸಮೋಸ ಕರಿಯುವ ಚಾಚಾಗೆ ಆಟದ ಹುಚ್ಚು, ಆದರೆ ಬಾಣಲೆ ಬಿಟ್ಟು ಬರುವಂತಿಲ್ಲ. ಅವರು ಪ್ರತಿ ಸಲವೂ ಕೇಳುವುದು ಒಂದೇ: ‘ಸ್ಕೋರ್ ಎಷ್ಟಾಯ್ತು?’ ಇಪ್ಪತ್ತರ ಆಸುಪಾಸಿನ ಸಪ್ಲೈಯರ್ ಲೋಟ ತೊಳೆಯಲು ಒಳಗೆ ಹೋದಾಗಲೆಲ್ಲ ಹೇಳುತ್ತಾನೆ. ‘ನೂರ ನಲವತ್ತೆರಡಕ್ಕೆ ಐದು, ಚಾಚಾ. ಸ್ಪಿನ್ನರ್ ಬಂದಿದ್ದಾನೆ. ಇವನು ಮುಂದೆ ಬಂದು ಹೊಡೆಯೋಕೆ ನೋಡ್ತಾ ಇದ್ದಾನೆ, ಧೈರ್ಯ ಸಾಲ್ತಿಲ್ಲ. ಲಾಂಗಾನ್‌ನಲ್ಲಿ ಒಬ್ಬ ಬಿಸಿಲಿಗೆ ಕೈ ಅಡ್ಡ ಹಿಡ್ಕೊಂಡು ನಿಂತಿದ್ದಾನೆ, ಅಲ್ಲಿಗೇ ಹೋಗುತ್ತೆ ನೋಡಿ.’ ಅಷ್ಟು ಹೇಳಿ ಸುಮ್ಮನಾಗುತ್ತಾನೆ. ಹೊರಗೆ ‘ಓ...’ ಎಂದು ಕೂಗು. ‘ಹೋಯ್ತು, ಚಾಚಾ. ಹಿಡಿದ.’

ಸ್ನೇಹಿತರ ಟೀ ಆರಿ ಕೆನೆಕಟ್ಟಿತ್ತು. ‘ಕಳಿಸ್ತೀರಾ?’ ಎಂದು ಚಾಚಾರನ್ನೇ ಕೇಳಿದರು.

‘ಕಳಿಸ್ಬೌದು,’ ಎಂದರು ಚಾಚಾ, ಜಾಲರಿಯಿಂದ ಸಮೋಸ ಎತ್ತುತ್ತ. ‘ಆದ್ರೆ ಐಪಿಎಲ್ ಮುಗೀಲಿ.’

‘ಐಪಿಎಲ್ ಬಗ್ಗೆ ಮಾತಾಡೋಕೇ ಬೇಕಾಗಿರೋದು, ಚಾಚಾ.’

‘ಹಂಗಾದ್ರೆ ಒಳಗೊಂದು ರೇಡಿಯೋ ಹಾಕ್ಸಿಕೊಡಿ.’

ಗಲ್ಲಾದಲ್ಲಿದ್ದ ಸಾಬರು ಅಷ್ಟು ಹೊತ್ತು ಚಿಲ್ಲರೆ ಎಣಿಸುತ್ತ ಸುಮ್ಮನಿದ್ದವರು, ಈಗ ತಲೆಯೆತ್ತಿ ಸ್ನೇಹಿತರನ್ನು ಕೇಳಿದರು: ‘ಓವರ್ ಮಧ್ಯೆ ನಮ್ಮ ಅಂಗಡಿ ಹೆಸರು ಹೇಳೋಕೆ ಬಿಡ್ತೀರಾ, ಅಥವಾ ಅದಕ್ಕೆ ಬೇರೆ ದುಡ್ಡಾ?’