ಮೆಟಲ್ ಮತದ ಮಡಿ-ಮೈಲಿಗೆ ನಿರ್ಣಯ

ಪೀಠಿಕೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೆವಿ ಮೆಟಲ್ ಕೇಳುವವರು ಹೆವಿ ಮೆಟಲ್ ಕೇಳುವ ಮಿಕ್ಕವರನ್ನು ಹೆವಿ ಮೆಟಲ್ ಕೇಳುವವರೆಂದು ಒಪ್ಪದಿರುವುದು ಹೇಗೆ ಎಂಬುದು ಈ ಗ್ರಂಥದ ವಿಷಯ. ಪ್ರಯೋಜನ ಏನೂ ಇಲ್ಲ. ಆದ್ದರಿಂದ ಇದನ್ನು ಶುದ್ಧ ಸಂಶೋಧನೆ ಎಂದು ಪರಿಗಣಿಸತಕ್ಕದ್ದು. ಏಪ್ರಿಲ್ ಬಿಸಿಲಿನಲ್ಲೂ ಕಪ್ಪು ಟೀ-ಶರ್ಟು ಬಿಡದವನೇ ಇದನ್ನು ಓದಲು ಅಧಿಕಾರಿ. ಗ್ರಂಥಕ್ಕೂ ಅಧಿಕಾರಿಗೂ ಇರುವ ಸಂಬಂಧ, ಅವನಿಗೂ ಅವನ ಮನೆಯವರಿಗೂ ಇರುವಂಥದೇ: ಇದೆ, ಆದರೆ ನಡುವೆ ಬಾಗಿಲು ಮುಚ್ಚಿದೆ.

ಕ್ಷೇತ್ರಕಾರ್ಯಕ್ಕೆ ಹೊರಡುವವರು ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಕ್ಷೇಮ. ಹಾಡು ನಡೆಯುವಾಗ ಅದು ಬೇಕಾಗುವುದಿಲ್ಲ. ಹಾಡು ಮುಗಿದು, ಅದು ಯಾವ ಶಾಖೆಗೆ ಸೇರಿದ್ದು ಎಂಬ ಚರ್ಚೆ ಶುರುವಾದಾಗ ಬೇಕಾಗುತ್ತದೆ.

ಪೂರ್ವಸೂರಿ ಸ್ಮರಣೆ

ಈ ಕ್ಷೇತ್ರವನ್ನು ನಮಗಿಂತ ಮೊದಲು ಉತ್ತವರಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಡೀನಾ ವೈನ್‌ಸ್ಟೀನ್ 1991ರಲ್ಲಿ ಹೆವಿ ಮೆಟಲ್ ಬಗ್ಗೆ ಇಡಿಯ ಪುಸ್ತಕವನ್ನೇ ಬರೆದರು. 1993ರಲ್ಲಿ ರಾಬರ್ಟ್ ವಾಲ್ಸರ್ ಎಂಬ ಸಂಗೀತಶಾಸ್ತ್ರಜ್ಞರು, ಈ ಜಡೆಯ ಗಿಟಾರಿಗರು ಬಾಖ್ ಮತ್ತು ವಿವಾಲ್ಡಿಯಿಂದ ಎಷ್ಟು ಕಲಿತಿದ್ದಾರೆಂದು ಸ್ವರ ಹಚ್ಚಿ ತೋರಿಸಿದರು. ಅದನ್ನು ಓದಿ ಬಾಖ್ ಪಕ್ಷದವರೂ ಸಂತೋಷಪಡಲಿಲ್ಲ, ಗಿಟಾರ್ ಪಕ್ಷದವರೂ ಪಡಲಿಲ್ಲ. ಆದ್ದರಿಂದ ಅದು ಒಳ್ಳೆಯ ಗ್ರಂಥ.

ನಮ್ಮ ವಾದಕ್ಕೆ ಬೇಕಾದವರು ಸಮಾಜಶಾಸ್ತ್ರಜ್ಞೆ ಬೆಥನಿ ಬ್ರೈಸನ್. ಅವರು 1996ರಲ್ಲಿ ಪ್ರಕಟಿಸಿದ ಪ್ರಬಂಧ ಅಮೆರಿಕನ್ನರು ಯಾವ ಸಂಗೀತವನ್ನು ಇಷ್ಟಪಡುತ್ತಾರೆ ಎನ್ನುವುದನ್ನು ಬದಿಗಿಟ್ಟು, ಯಾವುದನ್ನು ಕಂಡರಾಗದು ಎಂದು ಕೇಳಿತು. ಹೆಚ್ಚು ಓದಿದವರು ಒಟ್ಟಿನಲ್ಲಿ ಕಡಿಮೆ ಪ್ರಕಾರಗಳನ್ನು ತಿರಸ್ಕರಿಸುತ್ತಾರೆ. ಆದರೆ ತಿರಸ್ಕರಿಸುವಾಗ ಕಡಿಮೆ ಓದಿದವರು ಮೆಚ್ಚುವ ಸಂಗೀತವನ್ನೇ ಆರಿಸಿಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ಹೆವಿ ಮೆಟಲ್‌ಗೆ ಗೌರವದ ಸ್ಥಾನವಿತ್ತು. ‘ನಾನು ಎಲ್ಲ ಸಂಗೀತವನ್ನೂ ಕೇಳುತ್ತೇನೆ, ಮೆಟಲ್ ಒಂದನ್ನು ಬಿಟ್ಟು’ ಎನ್ನುವ ಉದಾರಿಗಳು ಇವರೇ.

ಇಲ್ಲಿಂದ ನಮ್ಮ ಮೊದಲ ಸೂತ್ರ ಹುಟ್ಟುತ್ತದೆ.

ಸೂತ್ರ 1: ಪಂಕ್ತಿಯಿಂದ ಎಬ್ಬಿಸಲ್ಪಟ್ಟವನು ಜಗಲಿಯಲ್ಲಿ ತನ್ನದೇ ಪಂಕ್ತಿ ಹಾಕುತ್ತಾನೆ.

ಭಾಷ್ಯ: ಹಾಕಿದ ಮೇಲೆ ಮೊದಲು ಮಾಡುವ ಕೆಲಸ, ಪಕ್ಕದವನನ್ನು ಎಬ್ಬಿಸುವುದು.

ಮೂಲಪುರುಷ ಪ್ರಕರಣ

ಮತದ ಉಗಮ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಕಾರ್ಮಿಕರ ಕೇರಿ. ಹದಿನೇಳರ ಹುಡುಗ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಕೈ ಕೊಟ್ಟು ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅವರು ಎಡಗೈ ಗಿಟಾರ್ ವಾದಕರಾದ್ದರಿಂದ ತಂತಿ ಒತ್ತಬೇಕಾದದ್ದು ಅದೇ ಬೆರಳುಗಳಲ್ಲಿ. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು. ತೆಳು ತಂತಿ ಹಾಕಿದರು. ಮುಂದೆ ಶ್ರುತಿಯನ್ನೂ ಇಳಿಸಿದರು. ತಂತಿ ಸಡಿಲವಾದಷ್ಟೂ ನಾದ ಭಾರವಾಯಿತು. ಅವರ ತಂಡ ಬ್ಲ್ಯಾಕ್ ಸ್ಯಾಬತ್‌ನ ಮೊದಲ ಆಲ್ಬಂ 1970ರ ಫೆಬ್ರವರಿ 13ರ ಶುಕ್ರವಾರ ಹೊರಬಂತು. ಹೀಗೆ, ಯಾವ ಮತದ ಅನುಯಾಯಿಗಳು ಅಸಲಿ-ನಕಲಿ ಎಂದು ಹೊಡೆದಾಡುತ್ತಾರೋ ಆ ಮತದ ಗರ್ಭಗುಡಿಯಲ್ಲಿರುವುದು ಪ್ಲಾಸ್ಟಿಕ್.

ಇನ್ನು ಮೂಲಪುರುಷರ ನಿಷ್ಠೆ. ಮೋಟರ್‌ಹೆಡ್‌ನ ನಾಯಕ ಲೆಮ್ಮಿ ಜೀವನಪರ್ಯಂತ ವೇದಿಕೆ ಹತ್ತಿದಾಗಲೆಲ್ಲ ತಾವು ನುಡಿಸುವುದು ರಾಕ್ ಅಂಡ್ ರೋಲ್ ಎಂದೇ ಸಾರಿದರು. ಸ್ಯಾಬತ್ ಗಾಯಕ ಆಝಿ ಆಸ್ಬರ್ನ್ ಕೂಡ ‘ಹೆವಿ ಮೆಟಲ್’ ಎಂಬ ಹಣೆಪಟ್ಟಿಯನ್ನು ಒಲಿದು ಹಚ್ಚಿಕೊಂಡವರಲ್ಲ. ಭಕ್ತರು ಇದನ್ನು ಕೇಳಿಸಿಕೊಳ್ಳುವುದಿಲ್ಲ. ಮುಂದಿನ ಸಾಲಿನಲ್ಲಿ ನಿಂತು ಕಿವಿ ಕೆಟ್ಟಿರುವುದು ಇದಕ್ಕೆ ಅರ್ಧ ಕಾರಣ.

ಮುದ್ರೆಯ ವಿಚಾರವೂ ಹೀಗೆಯೇ. ತೋರುಬೆರಳು, ಕಿರುಬೆರಳು ಎತ್ತಿ ಕೊಂಬು ಮಾಡುವುದನ್ನು ವೇದಿಕೆಯಲ್ಲಿ ಜನಪ್ರಿಯಗೊಳಿಸಿದವರು ಗಾಯಕ ರೋನಿ ಜೇಮ್ಸ್ ಡಿಯೋ. ಇಟಲಿ ಮೂಲದ ತಮ್ಮ ಅಜ್ಜಿ ಕೆಟ್ಟ ಕಣ್ಣು ತಾಗದಿರಲೆಂದು ಹಾಗೆ ಮಾಡುತ್ತಿದ್ದರು ಎಂದು ಅವರೇ ಹೇಳಿದ್ದುಂಟು. ಸೈತಾನನ ಚಿಹ್ನೆಯೆಂದು ಪಾದ್ರಿಗಳನ್ನು ಬೆಚ್ಚಿಬೀಳಿಸಿದ್ದು ನಮ್ಮಜ್ಜಿ ನೀವಾಳಿಸಿ ಒಲೆಗೆ ಹಾಕುವ ಒಣಮೆಣಸಿನಕಾಯಿಯ ದಾಯಾದಿ.

ಶಾಖಾ ನಿರ್ಣಯ

ಥ್ರ್ಯಾಶ್ ಎಂಬ ಶಾಖೆ ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಬ್ಬಿತು. ಲಕ್ಷಣ ವೇಗ, ಕೋಪ, ಬಿಗಿ ಪ್ಯಾಂಟು. ಡೆತ್ ಎಂಬುದಕ್ಕೆ ಫ್ಲಾರಿಡಾದ ಟ್ಯಾಂಪಾ ಪುಣ್ಯಕ್ಷೇತ್ರ. ಗಾಯಕ ಹೊಟ್ಟೆಯೊಳಗಿಂದ ಗುಟುರು ಹಾಕುತ್ತಾನೆ. ಬ್ಲ್ಯಾಕ್ ಶಾಖೆಯವರು ನಾರ್ವೆಯ ಹಿಮದಲ್ಲಿ ಮುಖಕ್ಕೆ ಕಪ್ಪು-ಬಿಳಿ ಬಣ್ಣ ಬಳಿದು ಕಿರುಚುತ್ತಾರೆ. ಪವರ್ ಶಾಖೆಯವರಿಗೆ ಖಡ್ಗ, ಡ್ರ್ಯಾಗನ್ ಇಲ್ಲದೆ ಊಟ ಸೇರದು. ಡೂಮ್ ನಿಧಾನ.

ಸಂಕರದ ನಿಯಮಗಳು ಕಠಿಣ. ಡೆತ್‌ಗೂ ಡೂಮ್‌ಗೂ ಸಂಬಂಧ ಬೆಳೆದರೆ ಹಿರಿಯರು ಅಕ್ಷತೆ ಹಾಕುತ್ತಾರೆ. ಡೆತ್, ಹಾರ್ಡ್‌ಕೋರ್ ಕೂಡಿ ಡೆತ್‌ಕೋರ್ ಹುಟ್ಟಿದರೆ ನಾಮಕರಣಕ್ಕೆ ಯಾರೂ ಬರುವುದಿಲ್ಲ. 1994ರಲ್ಲಿ ಕಾರ್ನ್ ತಂಡದ ಮೊದಲ ಆಲ್ಬಂನೊಡನೆ ತಲೆಯೆತ್ತಿದ ನ್ಯೂ ಮೆಟಲ್ ರ‍್ಯಾಪ್ ಬೆರೆಸಿತು, ಗಿಟಾರ್ ಸೋಲೋ ಕೈಬಿಟ್ಟಿತು, ಚರ್ಮದ ಬದಲು ಟ್ರ್ಯಾಕ್‌ಸೂಟ್ ತೊಟ್ಟಿತು. ಮೊದಲ ಎರಡನ್ನು ಕ್ಷಮಿಸಿದವರೂ ಮೂರನೆಯದನ್ನು ಕ್ಷಮಿಸಿಲ್ಲ.

ಶಾಖೆ ನಿರ್ಣಯಿಸುವ ಅಧಿಕಾರ ಹೊರಗಿನವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ 1989ರ ಗ್ರ್ಯಾಮಿ ಸಾಕ್ಷಿ. ಹಾರ್ಡ್ ರಾಕ್ ಮತ್ತು ಮೆಟಲ್‌ಗೆಂದು ಮೊದಲ ಬಾರಿ ಕೊಟ್ಟ ಪ್ರಶಸ್ತಿ ಥ್ರ್ಯಾಶ್ ಶಾಖೆಯ ಮೆಟಾಲಿಕಾಕ್ಕೆ ಬರುತ್ತದೆಂದು ಲೋಕವೆಲ್ಲ ನಂಬಿತ್ತು. ಬಂದದ್ದು ಜೆತ್ರೋ ಟಲ್ ತಂಡಕ್ಕೆ. ಅದರ ನಾಯಕ ಇಯಾನ್ ಆಂಡರ್ಸನ್ ಒಂಟಿಕಾಲಲ್ಲಿ ನಿಂತು ಕೊಳಲು ನುಡಿಸುವುದಕ್ಕೆ ಪ್ರಸಿದ್ಧರು. ತಂಡದವರು ಸಮಾರಂಭಕ್ಕೇ ಹೋಗಿರಲಿಲ್ಲ. ಅವರ ರೆಕಾರ್ಡ್ ಕಂಪನಿ ಆಮೇಲೆ ಜಾಹೀರಾತು ಕೊಟ್ಟು, ಕೊಳಲೂ ಲೋಹದ ವಾದ್ಯವೇ ಎಂದು ಸಮಜಾಯಿಷಿ ನೀಡಿತು. ಮರುವರ್ಷ ಗ್ರ್ಯಾಮಿ ಕೊಡುವ ಅಕಾಡೆಮಿಯವರು ಹಾರ್ಡ್ ರಾಕನ್ನೂ ಮೆಟಲನ್ನೂ ಬೇರೆ ಬೇರೆ ಮಣೆಯ ಮೇಲೆ ಕೂರಿಸಿದರು.

ಆಚಾರ ಪ್ರಕರಣ

ಮತದ ಪೀತಾಂಬರವೆಂದರೆ ತೋಳಿಲ್ಲದ ಡೆನಿಮ್ ಜಾಕೆಟ್. ಇದರ ಮೇಲೆ ಬ್ಯಾಂಡುಗಳ ಹೆಸರಿನ ಬಟ್ಟೆಪಟ್ಟಿಗಳನ್ನು ಹೊಲಿಯಬೇಕು, ಅಂಟಿಸುವುದು ಮಹಾಪಾತಕ. ನೂಲು ಬೇಗ ಹರಿಯುತ್ತದೆಂದು ಹಲ್ಲಿನ ಸಂದಿ ಶುಚಿ ಮಾಡುವ ದಾರದಲ್ಲಿ ಹೊಲಿಯುವುದು ಶಿಷ್ಟಾಚಾರ. ಬೆನ್ನಿನ ನಡುವಿನ ದೊಡ್ಡ ಪಟ್ಟಿ ಇಷ್ಟದೈವದ್ದು. ಎದೆಯ ಮೇಲಿನ ಚಿಕ್ಕವು, ನೋಡುವವನಿಗೆ ಹೆಸರೇ ಗೊತ್ತಿಲ್ಲದ ಬ್ಯಾಂಡುಗಳವಾಗಿದ್ದಷ್ಟೂ ಶ್ರೇಷ್ಠ. ಮುಖ್ಯವಾಗಿ ಜಾಕೆಟನ್ನು ಒಗೆಯಕೂಡದು. ನಮ್ಮಲ್ಲಿ ಒಗೆದು ಒಣಹಾಕಿದ ಮೇಲೆ ಬಟ್ಟೆ ಮಡಿಯಾಗುತ್ತದೆ. ಇವರಲ್ಲಿ ಒಗೆದ ಮರುಕ್ಷಣ ಮೈಲಿಗೆ.

ಲಿಪಿಯ ವಿಚಾರ: ಬ್ಲ್ಯಾಕ್ ಶಾಖೆಯ ಬ್ಯಾಂಡುಗಳ ಲಾಂಛನ ಒಣಗಿದ ಬೇಲಿಯಂತಿದ್ದು ಯಾರಿಗೂ ಓದಲು ಬಾರದು. ಹಲ್ಮಿಡಿ ಶಾಸನ ಓದಿದವರೂ ಇಲ್ಲಿ ಕನ್ನಡಕ ತೆಗೆದು ಒರೆಸಿಕೊಳ್ಳಬೇಕು. ಓದಿದವನು ಒಳಗಿನವನು, ಓದಲಾರದವನು ಹೊರಗಿನವನು. ಬಾಗಿಲಿಗೆ ಬೇರೆ ಕಾವಲುಗಾರ ಬೇಡ.

ಧ್ವನಿಮುದ್ರಣ ಕೆಟ್ಟಿರಬೇಕು. ನಾರ್ವೆಯ ಡಾರ್ಕ್‌ಥ್ರೋನ್ 1994ರ ತಮ್ಮ ಆಲ್ಬಮನ್ನು ನಾಲ್ಕು ಟ್ರ್ಯಾಕಿನ ಪುಟ್ಟ ಯಂತ್ರದಲ್ಲಿ ಮುದ್ರಿಸಿಕೊಂಡು ಆ ಗೊರಗೊರವನ್ನೇ ಶಾಸ್ತ್ರಪ್ರಮಾಣವನ್ನಾಗಿ ಮಾಡಿದರು. ಇದೇ ತಂಡ 1991ರ ಮೊದಲ ಆಲ್ಬಮನ್ನು ಸ್ಟಾಕ್‌ಹೋಮ್‌ನ ಒಳ್ಳೆಯ ಸ್ಟುಡಿಯೋದಲ್ಲಿ ಮುದ್ರಿಸಿತ್ತು ಎಂಬುದನ್ನು ಭಕ್ತರು ಮೆಲ್ಲಗೆ ಹೇಳುತ್ತಾರೆ. ತಂಡದ ಡ್ರಮ್ಮರ್ ಫೆನ್ರಿಜ್ ಟೆಕ್ನೋ, ಡಿಸ್ಕೋಗಳನ್ನು ಮನಸಾರೆ ಕೇಳುವವರು. ತಮ್ಮೂರು ಕೋಲ್ಬೋಟ್ನ್‌ನ ಸ್ಥಳೀಯ ಚುನಾವಣೆಗೆ ಬೆಕ್ಕನ್ನು ಹಿಡಿದ ಫೋಟೋ ಹಾಕಿ, ತಮಗೆ ಮತ ಹಾಕಬೇಡಿರೆಂದು ಕೇಳಿಕೊಂಡರು. ಜನ ಹಾಕಿದರು, ಅವರು ಬದಲಿ ಸದಸ್ಯರಾದದ್ದು 2016ರಲ್ಲಿ ಸುದ್ದಿಯಾಯಿತು. ಅವರ ಶಿಷ್ಯಕೋಟಿ ಮಾತ್ರ ಡಿಸ್ಕೋ ಕೇಳುವವರನ್ನು ಇವತ್ತಿಗೂ ಹತ್ತಿರ ಸೇರಿಸುವುದಿಲ್ಲ.

ಬಣ್ಣದ ಪಾಪವೂ ಉಂಟು. ಡೆಫ್‌ಹೆವನ್ ಎಂಬ ಅಮೆರಿಕನ್ ತಂಡ 2013ರಲ್ಲಿ ಬ್ಲ್ಯಾಕ್ ಮೆಟಲ್ ಕಿರುಚಾಟಕ್ಕೆ ಇಂಪಾದ ಗಿಟಾರ್ ಬೆರೆಸಿದ ಆಲ್ಬಂ ತಂದಿತು. ಹೊದಿಕೆ ಗುಲಾಬಿ ಬಣ್ಣದ್ದು. ಸಂಗೀತದ ಬಗ್ಗೆ ವಾದ ಮಾಡಬಹುದಿತ್ತು. ಗುಲಾಬಿಗೆ ವಾದವಿಲ್ಲ, ನೇರ ಬಹಿಷ್ಕಾರ.

ಸೂತ್ರ 2: ಗುರುವಿಗೆ ಎಲ್ಲವೂ ಸಲ್ಲುತ್ತದೆ, ಶಿಷ್ಯನಿಗೆ ಗುರು ಮಾತ್ರ ಸಲ್ಲುತ್ತಾನೆ.

ಭಾಷ್ಯ: ಜೂಡಸ್ ಪ್ರೀಸ್ಟ್‌ನ ಗಾಯಕ ರಾಬ್ ಹ್ಯಾಲ್ಫರ್ಡ್ ತೊಟ್ಟ ಚರ್ಮ, ಮೊಳೆ, ಸರಪಳಿಯನ್ನೇ ಮೀಸೆ ತಿರುವುವ ಗಂಡಸರು ಲೋಕದಾದ್ಯಂತ ಸಮವಸ್ತ್ರ ಮಾಡಿಕೊಂಡರು. ತಾವು ಸಲಿಂಗಿ ಎಂದು ಹ್ಯಾಲ್ಫರ್ಡ್ 1998ರಲ್ಲಿ ಹೇಳಿದರು. ಸಮವಸ್ತ್ರ ಬದಲಾಗಲಿಲ್ಲ.

ಪತನಕಾಲ ನಿರ್ಣಯ

ಮೆಟಾಲಿಕಾ ಕೆಟ್ಟಿತು ಎಂಬಲ್ಲಿ ಸರ್ವಸಮ್ಮತಿಯಿದೆ. ಯಾವಾಗ ಎಂಬಲ್ಲಿ ಪಂಡಿತರು ಐದು ಪಂಗಡ.

1996ರಲ್ಲಿ ಕೂದಲು ಕತ್ತರಿಸಿದಾಗ ಎಂಬುದು ನವ್ಯರ ಮತ. 1991ರ ಕಪ್ಪು ಹೊದಿಕೆಯ ಆಲ್ಬಂ ಅಮ್ಮಂದಿರಿಗೂ ಹಿಡಿಸಿದಾಗ ಎಂಬುದು ಮಧ್ಯಮರದು. ವಿಡಿಯೋ ಮಾಡುವುದಿಲ್ಲವೆನ್ನುತ್ತಿದ್ದವರು 1989ರಲ್ಲಿ ಮೊದಲ ವಿಡಿಯೋ ಮಾಡಿದಾಗ ಎಂಬುದು ಪ್ರಾಚೀನರದು. 1984ರಲ್ಲಿ ಒಂದು ಹಾಡನ್ನು ಅಕೂಸ್ಟಿಕ್ ಗಿಟಾರಿನಿಂದ ಶುರುಮಾಡಿದಾಗಲೇ ಹೋಯಿತು ಎಂಬುದು ಅತಿಪ್ರಾಚೀನರದು. ಕೊನೆಯ ಪಂಗಡ ಕಟ್ಟಾ ಸನಾತನಿ. ಗಿಟಾರಿಗ ಡೇವ್ ಮಸ್ಟೇನ್‌ರನ್ನು ತಂಡದಿಂದ ತೆಗೆದದ್ದು 1983ರ ಏಪ್ರಿಲ್‌ನಲ್ಲಿ. ಮೊದಲ ಆಲ್ಬಂ ಬಂದದ್ದು ಜುಲೈನಲ್ಲಿ. ಆದ್ದರಿಂದ ಮೆಟಾಲಿಕಾ ಮೊದಲ ಆಲ್ಬಂ ಬರುವ ಮೊದಲೇ ಕೆಟ್ಟಿತ್ತು ಎಂದು ಇವರು ಸಾಧಿಸುತ್ತಾರೆ.

ಸೂತ್ರ 3: ಬ್ಯಾಂಡು ಕೆಟ್ಟ ಇಸವಿ, ಹೇಳುವವನು ಬ್ಯಾಂಡನ್ನು ಮೊದಲು ಕೇಳಿದ ಇಸವಿಯ ಮಾರನೆಯದು.

ಭಾಷ್ಯ: ಬಾಗಿಲು ತನ್ನ ಬೆನ್ನ ಹಿಂದೆಯೇ ಮುಚ್ಚಿತೆಂದು ಪ್ರತಿಯೊಬ್ಬನೂ ಬಲ್ಲ. 2022ರಲ್ಲಿ ಒಂದು ಟಿವಿ ಧಾರಾವಾಹಿಯಲ್ಲಿ ಮೆಟಾಲಿಕಾದ 1986ರ ಹಾಡು ಕೇಳಿ ಹದಿಹರೆಯದವರು ಹಿಂಡುಹಿಂಡಾಗಿ ಬಂದಾಗ ಹಳಬರು ಅಗಳಿ ಹುಡುಕಿದರು. ಬಂದವರಿಗೆಲ್ಲ ಸ್ವಾಗತ ಎಂದು ಬ್ಯಾಂಡೇ ಹೇಳಿಬಿಟ್ಟಿತು. ಬ್ಯಾಂಡು ಕೆಟ್ಟಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಮೌಖಿಕ ಪರೀಕ್ಷಾ ಪ್ರಕರಣ

ಈ ಮತಕ್ಕೆ ಬೆಂಗಳೂರು ಹೊರಗಿನದಲ್ಲ. ಇಲ್ಲಿನ ಕ್ರಿಪ್ಟಾಸ್ ತಂಡ 1998ರಿಂದ ನುಡಿಸುತ್ತಿದೆ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆಯನ್ನೂ ಹತ್ತಿತು. ಇಂಗ್ಲೆಂಡಿನ ಐರನ್ ಮೇಡನ್ ತಂಡ ಇಲ್ಲಿನ ಅರಮನೆ ಮೈದಾನದಲ್ಲಿ ನುಡಿಸಿದ್ದು 2007ರ ಮಾರ್ಚ್ 17ರಂದು. 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾದ ಗುರುಗ್ರಾಮದ ಕಛೇರಿ ರದ್ದಾಗಿ, 30ರಂದು ಬೆಂಗಳೂರಿನದು ನಡೆಯಿತು. ‘ಅವತ್ತು ನೀನಿದ್ದೆಯಾ?’ ಎಂಬುದು ಇಲ್ಲಿನ ಗೋತ್ರಪ್ರಶ್ನೆ.

ಪರೀಕ್ಷೆಯ ಕ್ರಮ ಹೀಗಿರುತ್ತದೆ. ಸ್ಥಳ ಕಛೇರಿಯ ಹೊರಗಿನ ಚಹಾ ಅಂಗಡಿ. ಅಭ್ಯರ್ಥಿ, ಐರನ್ ಮೇಡನ್ ಟೀ-ಶರ್ಟಿನ ಕಾಲೇಜು ಹುಡುಗಿ. ಪರೀಕ್ಷಕ, ನರೆತ ಜುಟ್ಟಿನ ಸಾಫ್ಟ್‌ವೇರ್ ಮ್ಯಾನೇಜರ್.

‘ಟೀ-ಶರ್ಟೇನೋ ಚೆನ್ನಾಗಿದೆ. ಮೂರು ಹಾಡು ಹೇಳು ನೋಡೋಣ.’

ಹುಡುಗಿ ಮೂರು ಹೇಳುತ್ತಾಳೆ.

‘ಅದು ಬಿಡು, ಎಲ್ಲರಿಗೂ ಗೊತ್ತು. ಮೊದಲನೇ ಸಿಂಗರ್ ಯಾರು?’

ನಂತರದ ಗಾಯಕ ಬ್ರೂಸ್ ಡಿಕಿನ್ಸನ್ ಹೆಸರು ಹೇಳಿ ಬೀಳಲಿ ಎಂಬುದು ಪರೀಕ್ಷಕನ ಎಣಿಕೆ. ಸರಿಯುತ್ತರ ಪಾಲ್ ಡಿಯಾನೋ ಎಂದು ಅವನ ಹೊಟ್ಟೆಯಲ್ಲಿದೆ.

‘ಆಲ್ಬಂ ಲೆಕ್ಕವಾದರೆ ಪಾಲ್ ಡಿಯಾನೋ. ಬ್ಯಾಂಡ್ ಲೆಕ್ಕವಾದರೆ ಪಾಲ್ ಡೇ, 1975ರಲ್ಲಿ. ಯಾವುದು ಕೇಳಿದ್ರಿ ಅಂಕಲ್?’

‘ಅಂಕಲ್’ ಎಂಬ ಶಬ್ದಪ್ರಯೋಗದ ಕಾರಣ ಫಲಿತಾಂಶವನ್ನು ತಡೆಹಿಡಿಯಲಾಗುತ್ತದೆ. ಇದೇ ಟೀ-ಶರ್ಟು ತೊಟ್ಟ ಹುಡುಗರಿಗೆ ಈ ಪರೀಕ್ಷೆ ಐಚ್ಛಿಕ ವಿಷಯ ಎಂಬುದನ್ನು ಗಮನಿಸತಕ್ಕದ್ದು.

ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷ: ಇದೆಲ್ಲ ಬರೀ ಜಂಬ.

ಸಿದ್ಧಾಂತ: ಅಷ್ಟೇ ಅಲ್ಲ. ಆ ಮ್ಯಾನೇಜರ್ ಹುಡುಗನಾಗಿದ್ದಾಗ ಕ್ಯಾಸೆಟ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಮೆರಿಕದಲ್ಲಿದ್ದ ಯಾರದೋ ಅಣ್ಣ ತಂದದ್ದನ್ನು ಒಂದು ರಾತ್ರಿಗೆ ಬೇಡಿ ತಂದು, ಎರಡು ಡೆಕ್ಕಿನ ಟೇಪ್‌ರೆಕಾರ್ಡರಿನಲ್ಲಿ ನಕಲಿಳಿಸಿ, ಒಳಗಿನ ಚೀಟಿಗೆ ಹಾಡುಗಳ ಹೆಸರನ್ನು ಬಾಲ್‌ಪೆನ್ನಿನಲ್ಲಿ ಗುಂಡಗೆ ಬರೆಯಬೇಕಿತ್ತು. ನಕಲಿನ ನಕಲಿನ ನಕಲಿನಲ್ಲಿ ಗಿಟಾರ್ ಎಲ್ಲಿ ಮುಗಿಯಿತು, ಟೇಪಿನ ಸುಯ್ಯೆನ್ನುವಿಕೆ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಅದನ್ನೇ ಭಕ್ತಿಯಿಂದ ಕೇಳಿದ. ಅಪ್ಪ ಬಾಗಿಲು ಬಡಿದು ‘ಇದೇನು ಅರಚಾಟ’ ಎಂದ. ಪಕ್ಕದ ಮನೆಯವರು ಹುಡುಗ ಕೈತಪ್ಪಿದ ಎಂದರು. ಅವನು ಈ ಸಂಗೀತಕ್ಕೆ ದುಡ್ಡಿಗಿಂತ ಹೆಚ್ಚಾಗಿ ಮರ್ಯಾದೆ ತೆತ್ತಿದ್ದಾನೆ. ಇವತ್ತು ಅದೇ ಹಾಡು ಯಾರ ಮೊಬೈಲಿಗೂ ಪುಕ್ಕಟೆ ಬೀಳುತ್ತದೆ; ಟೀ-ಶರ್ಟು ಮಾಲ್‌ನಲ್ಲಿ ರಿಯಾಯಿತಿಗೆ ಸಿಗುತ್ತದೆ. ಬೆಲೆ ತೆತ್ತವನು ರಸೀದಿ ತೋರಿಸಲು ಹವಣಿಸುತ್ತಾನೆ. ನೋಡುವವರಿಲ್ಲದಾಗ ಎದುರಿನವರ ರಸೀದಿ ಕೇಳುತ್ತಾನೆ. ಮಾಲು ಸಿಗುವುದು ಸುಲಭವಾದಷ್ಟೂ ಪ್ರಶ್ನೆಪತ್ರಿಕೆ ಕಷ್ಟವಾಗುವುದು ಇದಕ್ಕೇ.

ಆದರೆ ಮತದ ಆಚರಣೆಯೇ ಮತದ ಶಾಸ್ತ್ರವನ್ನು ಖಂಡಿಸುತ್ತದೆ. 2025ರ ಜುಲೈ 5ರಂದು ಆಸ್ಟನ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಬ್ಲ್ಯಾಕ್ ಸ್ಯಾಬತ್‌ನ ಮೂಲ ನಾಲ್ವರು ವಿದಾಯ ಕಛೇರಿ ಕೊಟ್ಟರು. ಹದಿನೇಳು ದಿನಗಳ ಬಳಿಕ ಆಝಿ ತೀರಿಕೊಂಡರು. ಅಂದು ಸ್ಲೇಯರ್, ಮೆಟಾಲಿಕಾ, ಟೂಲ್, ಗನ್ಸ್ ಅಂಡ್ ರೋಸಸ್ ಒಂದೇ ಪಂಕ್ತಿಯಲ್ಲಿ ಕೂತವು. ಎಲೆ ಎತ್ತಿ ಎದ್ದವರಿಲ್ಲ. ಸನಾತನಿಗಳು ಪಾಪ್ ಹುಡುಗನೆಂದು ಮೂಗು ಮುರಿಯುತ್ತಿದ್ದ ಯಂಗ್‌ಬ್ಲಡ್ ಎಂಬ ಗಾಯಕ ಸ್ಯಾಬತ್‌ನದೇ 1972ರ ‘ಚೇಂಜಸ್’ ಹಾಡಿದ. ಮೂಲದಲ್ಲಿ ಆ ಹಾಡಿಗೆ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ. ಪಿಯಾನೋ ನುಡಿಸಿದವರು ಅಯೋಮಿಯವರೇ. ಮೇಲೆ ವಿವರಿಸಿದ ಯಾವ ಲಕ್ಷಣದಿಂದಲೂ ಅದು ಮೆಟಲ್ ಅಲ್ಲ. ಒಗೆಯದ ಜಾಕೆಟಿನ ಜನ ಅವನ ಜೊತೆ ದನಿಗೂಡಿಸಿದರು.

ಸೂತ್ರ 4: ಮಡಿಯ ನೆನಪಾಗುವುದು ಹಾಡು ನಿಂತ ಮೇಲೆ.

ಭಾಷ್ಯ: ಅನಗತ್ಯ.

ಫಲಶ್ರುತಿ

ಈ ನಿರ್ಣಯವನ್ನು ಓದಿ ಹೌದು ಹೌದೆಂದು ತಲೆದೂಗಿದವನು ಪೋಸರ್, ಅಂದರೆ ಬರೀ ವೇಷಧಾರಿ. ಮೆಟಲ್‌ಗೆ ತಲೆಯನ್ನು ತೂಗುವುದಲ್ಲ, ಬೀಸುವುದು. ‘ಡೂಮ್ ಶಾಖೆಯನ್ನು ಎರಡೇ ಪದದಲ್ಲಿ ಮುಗಿಸಿದ್ದಾನೆ, ಗ್ರೈಂಡ್‌ಕೋರ್ ಹೆಸರನ್ನೇ ಎತ್ತಿಲ್ಲ, ಇವನಿಗೆ ಬರೆಯಲು ಹೇಳಿದವರ್‍ಯಾರು’ ಎಂದು ಹಲ್ಲು ಕಡಿದವನಿಗೆ ಶಾಸ್ತ್ರಾಧಿಕಾರ ತಕ್ಷಣದಿಂದ ಪ್ರಾಪ್ತವಾಗುತ್ತದೆ. ಅವನು ಮುಂದಿನ ಕಛೇರಿಯ ಹೊರಗಿನ ಚಹಾ ಅಂಗಡಿಯಲ್ಲಿ ಪರೀಕ್ಷಕನಾಗಿ ವರದಿ ಮಾಡಿಕೊಳ್ಳತಕ್ಕದ್ದು. ಚಹಾದ ಖರ್ಚು ಅಭ್ಯರ್ಥಿಯದಲ್ಲ, ಅವನದೇ.