ಅಥ ಕ್ರಿಟಿಕಲ್ ಪಾತ್ ಮೀಮಾಂಸಾ

ಪೆಟ್ರೋಕೆಮಿಕಲ್ ಸ್ಥಾವರ ಕಟ್ಟಹೊರಟವನು ಮೊದಲು ಅರಿಯತಕ್ಕದ್ದು ನಾಫ್ತಾವನ್ನಲ್ಲ, ಕೆಲಸಗಳ ನೆಟ್‌ವರ್ಕನ್ನು. ಯಾವ ಕೆಲಸಗಳ ಸಾಲಿನಲ್ಲಿ ಒಂದು ದಿನ ತಡವಾದರೆ ಇಡೀ ಸ್ಥಾವರವೇ ಒಂದು ದಿನ ತಡವಾಗುವುದೋ ಅದು ಕ್ರಿಟಿಕಲ್ ಪಾತ್. ಉಳಿದ ಕೆಲಸಗಳಿಗಿರುವ ಸಡಿಲಕ್ಕೆ ಫ್ಲೋಟ್ ಎಂದು ಸಂಜ್ಞೆ. ಲಕ್ಷಣ ಇಷ್ಟೇ, ಜಗಳವೆಲ್ಲ ಲಕ್ಷ್ಯದ್ದು.

ಈ ದರ್ಶನದ ಪೂರ್ವಾಚಾರ್ಯರು ಇಬ್ಬರು: ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್, ರೆಮಿಂಗ್ಟನ್ ರ್‍ಯಾಂಡ್‌ನ ಜೇಮ್ಸ್ ಕೆಲ್ಲಿ. 1957ರ ಸುಮಾರಿಗೆ ಯೂನಿವ್ಯಾಕ್ ಎಂಬ ದೈತ್ಯ ಗಣಕಯಂತ್ರದ ಸನ್ನಿಧಿಯಲ್ಲಿ ಅವರಿಗೆ ಇದು ಕಾಣಿಸಿತು. ಫಲಶ್ರುತಿಯಾಗಿ ಅಮೆರಿಕದ ಲೂಯಿವಿಲ್‌ನ ಕಾರ್ಖಾನೆಯನ್ನು ದುರಸ್ತಿಗೆಂದು ನಿಲ್ಲಿಸುವ ಅವಧಿ 125 ಗಂಟೆಯಿಂದ 93 ಗಂಟೆಗೆ ಇಳಿಯಿತಂತೆ. ಅಲ್ಲಿ ಎಣಿಕೆ ಗಂಟೆಯಲ್ಲಿತ್ತು ಎಂಬುದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳತಕ್ಕದ್ದು. ನಮ್ಮ ಸಂಪ್ರದಾಯದ ಕಾಲಮಾನ ಬೇರೆ.

ಅದಕ್ಕೆ ಅಸ್ಸಾಂನ ದಿಬ್ರುಗಢದ ಬಳಿ ಲೆಪೆಟ್‌ಕಾಟಾದಲ್ಲಿರುವ ಗ್ಯಾಸ್ ಕ್ರ್ಯಾಕರ್ ಎಂಬ ಪೆಟ್ರೋಕೆಮಿಕಲ್ ಸ್ಥಾವರ ಮಹೋದಾಹರಣೆ. ಬೀಜ 1985ರ ಅಸ್ಸಾಂ ಒಪ್ಪಂದದ್ದು. 2006ರಲ್ಲಿ ಕೇಂದ್ರದ ಒಪ್ಪಿಗೆ. ವೆಚ್ಚ 5,460 ಕೋಟಿ ರೂಪಾಯಿ, ಗಡುವು 60 ತಿಂಗಳು. 2007ರ ಏಪ್ರಿಲ್‌ನಲ್ಲಿ ಶಂಕುಸ್ಥಾಪನೆ, 2016ರ ಫೆಬ್ರುವರಿಯಲ್ಲಿ ಲೋಕಾರ್ಪಣೆ. ಅಷ್ಟರಲ್ಲಿ ವೆಚ್ಚ 9,965 ಕೋಟಿ ಮುಟ್ಟಿತ್ತು. ಇಲ್ಲಿ ಸಂಶಯ: ಕ್ರಿಟಿಕಲ್ ಪಾತ್ ಹುಟ್ಟುವುದೆಲ್ಲಿ? ಒಪ್ಪಂದದಿಂದಲೇ ಎಣಿಸಬೇಕೆಂದು ಪೂರ್ವಪಕ್ಷ. ಅದು ಸಲ್ಲದು. ವಿಳಂಬವು ವೇಳಾಪಟ್ಟಿಯ ಚಾರ್ಟಿನ ಗೆರೆಗಂಟಿದ ಧರ್ಮ. ಗೆರೆಯೇ ಇಲ್ಲದಲ್ಲಿ ವಿಳಂಬ ಎಲ್ಲಿಯದು? ಒಪ್ಪಂದಕ್ಕೂ ಒಪ್ಪಿಗೆಗೂ ನಡುವಿನ ಇಪ್ಪತ್ತೊಂದು ವರ್ಷಗಳನ್ನು ಯಾವ ಚಾರ್ಟೂ ತೋರಿಸದು. ಆದ್ದರಿಂದ ಆ ಕಾಲ ಅನಾದಿ. ಅನಾದಿಯಾದದ್ದಕ್ಕೆ ಯಾರೂ ಷೋಕಾಸ್ ನೋಟಿಸು ಕೊಡಲಾರರು.

ಇನ್ನು ಸ್ಥಾವರದೊಳಕ್ಕೆ ಬಂದರೆ, ಕಂಪ್ರೆಸರ್ ಪ್ರಕರಣ ಬಲು ಸೂಕ್ಷ್ಮವಾದದ್ದು. ಅದರ ಫೌಂಡೇಶನ್ ಹಾಕಬೇಕಾದರೆ ಯಂತ್ರದ ತೂಕ, ಬೋಲ್ಟುಗಳ ಜಾಗ ಗೊತ್ತಿರಬೇಕು. ಅದನ್ನು ಹೇಳುವುದು ತಯಾರಕನ ಡ್ರಾಯಿಂಗು. ಆರ್ಡರು ಕೈಗೆ ಬಾರದೆ ಅವನು ಡ್ರಾಯಿಂಗು ಕೊಡ. ಎಂಜಿನಿಯರಿಂಗ್ ವಿಭಾಗದ ಲೆಕ್ಕ ಪಕ್ಕಾ ಆಗದೆ ಆರ್ಡರು ಹೋಗದು. ಆ ಲೆಕ್ಕ ಪಕ್ಕಾ ಆಗಲು ತಯಾರಕನ ಡ್ರಾಯಿಂಗು ಬೇಕು. ಹೀಗೆ ಸುತ್ತಿ ಹೊರಟಲ್ಲಿಗೇ ಬರುವುದನ್ನು ನೈಯಾಯಿಕರು ಚಕ್ರಕ ದೋಷವೆಂದರು. ವೇಳಾಪಟ್ಟಿ ಹಾಕುವ ಪ್ರೈಮವೆರಾ ಸಾಫ್ಟ್‌ವೇರು ಲೂಪ್ ಎಂದು ಹೇಳಿ ಮುಂದಕ್ಕೆ ಚಲಿಸಲು ನಿರಾಕರಿಸುತ್ತದೆ. ಸೈಟಿನವರು ಮಾತ್ರ ಅಂದಾಜಿನ ಮೇಲೆ ಕಾಂಕ್ರೀಟು ಸುರಿದು, ಯಂತ್ರ ಬಂದ ಮೇಲೆ ಬ್ರೇಕರ್ ತಂದು ಒಡೆಯುತ್ತಾರೆ. ತರ್ಕ ಸೋತಲ್ಲಿ ಬ್ರೇಕರೇ ಪ್ರಮಾಣವೆಂಬುದು ಅನುಭವಿಗಳ ಮತ.

ಫ್ಲೋಟ್ ಯಾರ ಸ್ವತ್ತು? ಇದು ಶಾಸ್ತ್ರದ ಹೃದಯ. ಕಾಂಟ್ರಾಕ್ಟ್ ವಕೀಲರ ಮನೆಗಳು ಎದ್ದಿರುವುದೂ ಇದರ ಮೇಲೆಯೇ. ನಾವು ದುಡ್ಡು ಕೊಟ್ಟವರು, ಫ್ಲೋಟ್ ನಮ್ಮದು ಎನ್ನುವುದು ಮಾಲೀಕ ಮತ. ವೇಳಾಪಟ್ಟಿ ಬರೆದವರು ನಾವು, ಆದ್ದರಿಂದ ನಮ್ಮದು ಎನ್ನುವುದು ಗುತ್ತಿಗೆದಾರ ಮತ. ಮೊದಲು ಕೈ ಹಾಕಿದವನದು ಎಂಬ ಮೂರನೆಯದೇ ಆಚರಣೆಯಲ್ಲಿ ಉಳಿದಿದೆ. ಸಿವಿಲ್‌ನವರು ಮೊದಲ ಪಂಕ್ತಿಗೇ ಕೂರುತ್ತಾರೆ. ಪೈಪಿಂಗ್‌ನವರು ಬರುವ ಹೊತ್ತಿಗೆ ಎಲೆ ಎತ್ತಿರುತ್ತದೆ. ಕಡೆಗೆ ಉಳಿದ ಇನ್‌ಸ್ಟ್ರುಮೆಂಟೇಶನ್‌ನವರು ರಾತ್ರಿ ಪಾಳಿ ಹಾಕಿ ಕೇಬಲ್ ಎಳೆಯುತ್ತಾರೆ. ತಡ ಯಾರಿಂದ ಎಂದು ಮೀಟಿಂಗಿನಲ್ಲಿ ಕೇಳಿದಾಗ ಎದ್ದು ನಿಲ್ಲಬೇಕಾದವರೂ ಅವರೇ. ಈ ಲೇಖಕನಿಗೆ ಅವರ ಮೇಲೆ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ.

ಕೊನೆಯದು ವರ್ಷಾಧಿಕರಣ. ಶಿಷ್ಯನ ಪ್ರಶ್ನೆ: ಮಂಗಳೂರಿನಲ್ಲಿ ವರ್ಷವೂ ಜೂನ್ ತಿಂಗಳಿಗೆ ಮಳೆ ಹಿಡಿಯುತ್ತದೆ. ಹಾಗಿದ್ದೂ ಅಂಥ ಕಡೆಯ ವಿಳಂಬದ ವರದಿಗಳಲ್ಲಿ ಅದನ್ನು ಅನಿರೀಕ್ಷಿತವೆಂದು ಬರೆಯುವುದೇಕೆ? ಸಮಾಧಾನ: ಮಳೆಯನ್ನು ಕ್ಯಾಲೆಂಡರಿಗೆ ಸೇರಿಸಿದರೆ ಮುಗಿಯುವ ತಾರೀಕು ಮುಂದಕ್ಕೆ ಹೋಗುತ್ತದೆ. ತಾರೀಕು ಮುಂದೆ ಹೋದರೆ ಯೋಜನೆಗೆ ಒಪ್ಪಿಗೆ ಸಿಗದು. ಒಪ್ಪಿಗೆ ಸಿಗದಿದ್ದರೆ ಸ್ಥಾವರವಿಲ್ಲ, ಸ್ಥಾವರವಿಲ್ಲದಿದ್ದರೆ ಮಳೆಗೆ ತೋಯಲು ಏನೂ ಇಲ್ಲ. ಆದಕಾರಣ ಒಪ್ಪಿಗೆ ಸಿಕ್ಕ ಪ್ರತಿಯೊಂದು ಯೋಜನೆಯಲ್ಲೂ ಮಳೆ ಅನಿರೀಕ್ಷಿತವೇ.