ಅಜ್ಜನ ಕಾಲದ ಕಬ್ಬಿಣ

(ಮಳವಳ್ಳಿ ತಾಲ್ಲೂಕು, ಹಲಗೂರು ಕಡೆಯ ಒಂದು ಜಗಲಿ. ಬೆಳೆ ಕಾಯಲು ಲೈಸೆನ್ಸ್ ಇರುವ ಕೇಪಿನ ಕೋವಿ ಈಗಷ್ಟೇ ಅಟ್ಟದಿಂದ ಇಳಿದಿದೆ.)

ಮಾವ: ನೋಡ್ಲಾ ಅಳಿಮಯ್ಯ, ನಮ್ಮಜ್ಜನ ಕೋವಿ. ಆಗಿನ ಕಬ್ಬಿಣ! ತುಕ್ಕು ಅನ್ನೋದು ಅತ್ರಕ್ಕೇ ಸುಳಿಯಕ್ಕಿಲ್ಲ.

ಅಳಿಯ: ನಿನ್ ಅಂಗೈ ನೋಡ್ಕೊ ಮಾವ, ಕೆಮ್ಮಣ್ಣು ಬಳ್ದಂಗದೆ.

ಮಾವ: ಅದು ಧೂಳು ಕನಾ. ಆಗಿನ ಧೂಳು!

ಅಳಿಯ: ನಳಿಗೇಲಿ ಹಳ್ಳ ಬಿದ್ದವೆ.

ಮಾವ: ಆಗಿನ ಹಳ್ಳ! ಈಗಿನೋರ್ಗೆ ಅಂತಾ ಹಳ್ಳ ತೋಡಕ್ ಬಂದಾತಾ?

ಅಳಿಯ: ಕುದುರೆ ಲಟಲಟ ಅಂತದೆ.

ಮಾವ: ಆಗಿನ ಲಟಲಟ! ಮದ್ದೂರಲ್ಲಿ ಲೇತ್ ಮಡಗಿದ್ ಮಾತ್ರಕ್ಕೆ ಎಲ್ಲಾ ತಿಳ್ಕೊಂಡ್ಬುಟ್ಟಾ? ದಿಲ್ಲಿ ಕಬ್ಬಿಣದ ಕಂಬ 1,600 ವರ್ಷದಿಂದ ನಿಂತದೆ. ವಾಟ್ಸಾಪಲ್ಲೇ ಬಂದದೆ.

ಅಳಿಯ: ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ, ಅದ್ರಿಂದ ಮೇಲೆ ಪೊರೆ ಕಟ್ಕಂಡದೆ. ನೆಲದೊಳಗಿನ ಬುಡಕ್ಕೆ ತುಕ್ಕು ಹಿಡ್ದೇ ಇತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಬಾವಿಯಿಂದ ಟಿಪ್ಪು ಕಾಲದ ರಾಕೆಟ್ ಸಾವಿರದ ಮೇಲೆ ತೆಗುದ್ರಲ್ಲ, ಅವೂ ತುಕ್ಕು ಹಿಡ್ದಿದ್ವು.

ಮಾವ: ಅವು ಬಾವೀಲಿದ್ವು. ನಾನು ಚೀಲ ಸುತ್ತಿ ಅಟ್ಟದ ಮೇಲೆ ಜೋಪಾನವಾಗಿ ಮಡಗಿವ್ನಿ.

ಅಳಿಯ: ಯಾವ್ ಚೀಲ?

ಮಾವ: ಕಬ್ಬಿಗ್ ತಂದಿದ್ದ ಪೊಟ್ಯಾಷ್ ಚೀಲ.

ಅಳಿಯ: ಶಿವ್ನೇ! ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡು, ಉಪ್ಪಿನ ಜಾತಿ. ಹಳೇ ಕೇಪು ಸಿಡಿದ್ ಮೇಲೆ ನಳಿಗೇಲಿ ಉಳಿಯೋದೂ ಅದೇ. ಗಾಳಿ ತೇವಾನ ಎಳ್ಕತದೆ. ಒಳಗಿಂದ ತಿಂದಿದ್ದು ಸಾಲ್ದು ಅಂತ ಹೊರಗಿಂದ್ಲೂ ಬಡಿಸಿದ್ದೀಯಲ್ಲ!

ಮಾವ: ವರ್ಷಕ್ಕೊಂದಪ ಸೀಮೆಎಣ್ಣೇಲಿ ಒರೆಸ್ತೀನಲ್ಲ?

ಅಳಿಯ: ಉಪ್ಪು ಎಣ್ಣೇಲಿ ಕರಗತದಾ? ಈಡು ಹೊಡೆದ ದಿನಾನೇ ಬಿಸಿನೀರಲ್ಲಿ ತೊಳೆದು, ಪೂರಾ ಒಣಗಿಸಿ, ಆಮೇಲೆ ಎಣ್ಣೆ ಸವರ್ಬೇಕು. ಮಾಡ್ದೋನ ಕೈಗುಣಾನೂ ಅದೆ, ಇಲ್ಲ ಅನ್ನಕ್ಕಿಲ್ಲ. ನಳಿಗೆ ಒಳಗೆ ನುಣ್ಣಗಿದ್ರೆ ಮಸಿ ಸಲೀಸಾಗಿ ಬತ್ತದೆ, ತರಿತರಿಯಾಗಿದ್ರೆ ಒಂದೊಂದು ಗೀರಲ್ಲೂ ತೇವ ಕೂತ್ಕತದೆ. ಒಳಗೆ ಕ್ರೋಮ್ ಹಿಡಿಸಿದ್ರೆ ಇನ್ನೂ ತಡೀತದೆ. ಭಾಗಗಳು ಹದವಾಗಿ ಕೂರ್ದಿದ್ರೆ ಒಂದಕ್ಕೊಂದು ಉಜ್ಜಿ ಸವೀತವೆ. ಒಳ್ಳೆ ಕೆಲ್ಸದ ಕೋವಿ ನಿನ್ ಸೋಮಾರಿತನಾನ ನಾಕ್ ದಿನ ಜಾಸ್ತಿ ತಡಕತದೆ, ಅಷ್ಟೇಯ. ಅಜ್ಜ ಇದನ್ನ ತೊಳೀತಿದ್ರು, ಅದ್ಕೇ ಉಳ್ಕಂಡಿತ್ತು.

ಮಾವ: ಮತ್ತೆ ಹೊಸ ಕೋವಿ ಮೇಲೆ ಕರ‍್ರಗೆ ಮಿಂಚ್ತದಲ್ಲ, ಆ ಬಣ್ಣ?

ಅಳಿಯ: ಅದು ಬಣ್ಣ ಅಲ್ಲ, ಅದೂ ಒಂಥರಾ ತುಕ್ಕೇ. ಕಪ್ಪು ತುಕ್ಕು, ಕಾರ್ಖಾನೇಲಿ ಬೇಕಂತ್ಲೇ ಹಿಡಿಸೋದು. ಅದ್ರ ಮೇಲೆ ಎಣ್ಣೆ ನಿಂತು ಕಬ್ಬಿಣ ಕಾಯ್ತದೆ. ನೀನು ಮೊದ್ಲು ಇದನ್ನ ಲೈಸೆನ್ಸ್ ಇರೋ ರಿಪೇರಿಯೋರ್ಗೆ ತೋರ್ಸು. ಈ ನಳಿಗೇಲಿ ಈಡು ಹೊಡುದ್ರೆ ಹಂದಿ ಉಳ್ಕತದೆ, ನೀನ್ ಉಳಿಯಕ್ಕಿಲ್ಲ.

ಮಾವ: (ಮೊಬೈಲ್ ತೆಗೆದು) ತಡಿ, ತಡಿ. ‘ಕೋವಿ ಕಾಯೋದು ತುಕ್ಕೇ, ಮದ್ದೂರಿನ ಎಕ್ಸ್‌ಪರ್ಟ್ ಒಪ್ಪಿದರು’. ನೂರು ಜನಕ್ಕೆ ಕಳಿಸ್ದೆ ಕನ್ಲಾ. ನಿನ್ ಫೋಟೋನೂ ಹಾಕಿವ್ನಿ.